ಟೀವಿಗೆ ಬೆನ್ನು ಹಾಕಿ ಕೂತ ಕಾಕು

ಹಳೆಯ ಡಬ್ಬಾ ಟೀವಿ ಸಾಯುವಾಗ ಒಂದು ವಾಸನೆ ಬಿಡುತ್ತದೆ. ನಿಮ್ಮ ಮನೆಯಲ್ಲೂ ಒಂದು ಸತ್ತಿದ್ದರೆ ಗೊತ್ತಿರುತ್ತದೆ. ಕಾದ ಧೂಳು, ಕರಕಲಾದ ತಂತಿ, ಜೊತೆಗೆ ಎಂದೋ ಒಳಗೆ ಹೊಕ್ಕು ಅಲ್ಲೇ ಸಂಸಾರ ಮುಗಿಸಿದ ಹಲ್ಲಿಯ ಪಾಲೂ ಇರಬಹುದು. ಮೊನ್ನೆ ಬೀದರಿನ ಮೈಲೂರದಲ್ಲಿರುವ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಿತು. ಸಂಜೆಯ ವಾರ್ತೆ ಓದುತ್ತಿದ್ದ ಹೆಣ್ಣುಮಗಳ ಮುಖ ಮೊದಲು ಅಡ್ಡಕ್ಕೆ ಹಿಗ್ಗಿ, ಆಮೇಲೆ ಗೆರೆಯಾಗಿ, ಕಡೆಗೆ ಚುಕ್ಕೆಯಾಗಿ ಮಾಯವಾಯಿತು. ನಮ್ಮ ಮನೆಯವರು ಎದ್ದು ಹೋಗಿ ಟೀವಿಯ ನೆತ್ತಿಯ ಮೇಲೆ ಬಡಿದರು. ಇಷ್ಟು ವರ್ಷ ಆ ಔಷಧಕ್ಕೆ ಬಗ್ಗುತ್ತಿದ್ದ ಟೀವಿ ಈ ಸಲ ಬಗ್ಗಲಿಲ್ಲ.

ಅದೇ ಖೋಲಿಯ ಮೂಲೆಯಲ್ಲಿ ಟೀವಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿದ್ದ ಶಾಂತಾಕಾಕು ತಿರುಗದೆಯೇ ಕೇಳಿದಳು: "ಹೋಯ್ತೇನು? ವಾಸನಿ ಬಂತು."

ಶಾಂತಾಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ಭಾಲ್ಕಿ ತಾಲೂಕಿನ ಮೆಹಕರದವಳು. ಅವಳು ಹಾಗೆ ಬೆನ್ನು ಹಾಕಿ ಯಾಕೆ ಕೂತಿದ್ದಳು ಎಂದು ನಿಮಗೆ ಅನಿಸಿರಬೇಕು. ಕೋಪವೇನೂ ಇಲ್ಲ, ಕಣ್ಣಿನ ದೋಷವೂ ಇಲ್ಲ. ನಾನು ಬಲ್ಲ ಮಟ್ಟಿಗೆ ಕಾಕು ಯಾವ ಟೀವಿಯ ಮುಖವನ್ನೂ ನೆಟ್ಟಗೆ ನೋಡಿದವಳಲ್ಲ. ಅವಳು ನೋಡಿರುವುದು ಬೆನ್ನು ಮಾತ್ರ, ಅದೂ ಅರ್ಧ ಊರಿನ ಟೀವಿಗಳ ಬೆನ್ನು. ಇದನ್ನು ಹೇಳಬೇಕಾದರೆ ನಿಮ್ಮನ್ನು ಒಂದಷ್ಟು ಹಿಂದಕ್ಕೆ, ಮೆಹಕರಕ್ಕೆ ಕರೆದುಕೊಂಡು ಹೋಗಬೇಕು. ಹೊಸ ಟೀವಿ ತರುವುದು ಹೇಗೂ ಇದ್ದೇ ಇದೆ, ಅವಸರವೇನು.

ಅವು ಬರದ ವರ್ಷಗಳು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಬಂದರೆ ನಮ್ಮ ಕಡೆ ಬಿತ್ತನೆ. ಆ ವರ್ಷಗಳಲ್ಲಿ ಮಿರಗ ತಪ್ಪದೆ ಬರುತ್ತಿತ್ತು, ಮಳೆಯನ್ನು ಮಾತ್ರ ಎಲ್ಲೋ ಬಿಟ್ಟು ಬರುತ್ತಿತ್ತು. ದೀಪಾವಳಿ ಮುಗಿಯುತ್ತಲೇ ಓಣಿಯ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದ್ದವು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ, ಎಲ್ಲರೂ ಕಟ್ಟಡದ ಕೆಲಸಕ್ಕೆ. ಹೋಗುವವರು ಪಾತ್ರೆ ಪಡಗ ಕಟ್ಟಿಕೊಳ್ಳುತ್ತಿದ್ದರು, ಕುರಿಗಳನ್ನು ಬೀಗರ ಮನೆಗೆ ಹೊಡೆದುಬಿಡುತ್ತಿದ್ದರು, ಕೋಳಿಗಳನ್ನು ತಿಂದು ಮುಗಿಸುತ್ತಿದ್ದರು. ಉಳಿಯುತ್ತಿದ್ದದ್ದು ಟೀವಿ. ಮದುವೆಯಲ್ಲಿ ಬಂದದ್ದೋ, ಹೊಟ್ಟೆ ಬಟ್ಟೆ ಕಟ್ಟಿ ತಂದದ್ದೋ, ಅಂತೂ ಮನೆಯಲ್ಲಿ ಮಕ್ಕಳ ನಂತರದ ಸ್ಥಾನ ಅದರದು. ಪುಣೆಯ ತಗಡಿನ ಶೆಡ್ಡಿಗೆ ಅದನ್ನು ಒಯ್ಯುವಂತಿಲ್ಲ, ಬೀಗ ಹಾಕಿದ ಮನೆಯಲ್ಲಿ ಇಲಿಗಳಿಗೆ ಬಿಡುವಂತಿಲ್ಲ. ಹಾಗಾಗಿ ಆ ಟೀವಿಗಳೆಲ್ಲ ಶಾಂತಾಕಾಕುವಿನ ಮನೆಗೆ ಬರುತ್ತಿದ್ದವು.

ಅವಳ ಮನೆಗೇ ಯಾಕೆಂದರೆ, ಕಾಕಾ ಭಾಲ್ಕಿಯ ಒಂದು ಶಾಲೆಯಲ್ಲಿ ಜವಾನ. ಪಗಾರದ ಮನುಷ್ಯನಾದ್ದರಿಂದ ಅವರು ಊರು ಬಿಡುವ ಪ್ರಶ್ನೆಯೇ ಇರಲಿಲ್ಲ. ಮೇಲಾಗಿ ಆ ಮನೆಯಲ್ಲಿ ಒಂದು ಸ್ಲ್ಯಾಬಿನ ಖೋಲಿ ಇತ್ತು. ಎಂಥ ಮಳೆಗೂ ಸೋರುವುದಿಲ್ಲವೆಂದು ಅದರ ಕೀರ್ತಿ. ಮಳೆಯೇ ಬಾರದ ಆ ವರ್ಷಗಳಲ್ಲಿ ಆ ಕೀರ್ತಿಗೆ ಕುಂದು ಬರುವ ಭಯವೂ ಇರಲಿಲ್ಲ. ಟೀವಿಗಳು ಕೌದಿ ಹೊದ್ದು, ಸೀರೆ ಸುತ್ತಿಕೊಂಡು, ಹೊಸ ಸೊಸೆಯರ ಹಾಗೆ ಹೊಸ್ತಿಲು ದಾಟಿ ಬರುತ್ತಿದ್ದವು. ಕೊಡುವವರು, "ಶಾಂತವ್ವಾ, ಅಮಾನತ ಅದ ನೋಡು," ಎಂದಷ್ಟೇ ಹೇಳಿ ಜೀಪು ಹತ್ತುತ್ತಿದ್ದರು.

ಅಮಾನತ ಎಂದರೆ ನೌಕರನನ್ನು ಮನೆಗೆ ಕಳಿಸುವ ಸರ್ಕಾರಿ ಅಮಾನತು ಅಲ್ಲ. ನಂಬಿ ಇಡಲು ಕೊಟ್ಟ ವಸ್ತುವಿಗೆ ನಮ್ಮಲ್ಲಿ ಹಾಗೆನ್ನುತ್ತೇವೆ. ಕೊಟ್ಟದ್ದು ಕೊಟ್ಟ ಹಾಗೇ ಹಿಂದಿರುಗಬೇಕು, ಗೀರು ಬೀಳಬಾರದು. ಇಷ್ಟು ಎಲ್ಲರಿಗೂ ಗೊತ್ತಿರುವ ಕಾನೂನು. ಇದಕ್ಕೆ ಕಾಕು ತನ್ನದೊಂದು ಕಲಮು ಸೇರಿಸಿದ್ದಳು. ಇಟ್ಟುಕೊಂಡವರು ಅದರ ಸುಖ ಉಣ್ಣಬಾರದು. ಪುಣೆಯಲ್ಲಿ ಇಟ್ಟಂಗಿ ಹೊರುವವಳ ಟೀವಿಯನ್ನು ತಾನು ಇಲ್ಲಿ ಕಾಲು ಚಾಚಿ ನೋಡುವುದೆಂದರೆ, ಅವಳ ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟ ಹಾಗೆ ಎಂದು ಅವಳ ವಾದ.

ಅಲ್ಲಿಗೆ ಬಿಟ್ಟಿದ್ದರೆ ಸುಲಭವಿತ್ತು. ಆದರೆ ಭಾಲ್ಕಿಯ ರಿಪೇರಿಯವನೊಬ್ಬ, ಟೀವಿಗಳನ್ನು ಸುಮ್ಮನೆ ಇಟ್ಟರೆ ಹಾಳಾಗುತ್ತವೆ, ವಾರಕ್ಕೊಮ್ಮೆಯಾದರೂ ಚಾಲೂ ಮಾಡಬೇಕು ಎಂದು ಕಾಕಾನಿಗೆ ಹೇಳಿಬಿಟ್ಟ. ಈಗ ಕಾಕುವಿಗೆ ಪೇಚು. ಹಚ್ಚದಿದ್ದರೆ ಅಮಾನತ ಕೆಡುತ್ತದೆ, ಹಚ್ಚಿದರೆ ಅಮಾನತದ ಸುಖ ಉಂಡಂತಾಗುತ್ತದೆ. ಅವಳು ಹುಡುಕಿದ ದಾರಿ ಇದು: ಟೀವಿಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಇಟ್ಟಳು, ಹಾಗೇ ಹಚ್ಚಿದಳು.

ನೀವು ನಗಬಹುದು. ನಾನು ಅದನ್ನು ಕಣ್ಣಾರೆ ಕಂಡವಳು. ಕರೆಂಟು ಇರುವ ಹೊತ್ತು ಕಡಿಮೆ, ಟೀವಿಗಳು ಹೆಚ್ಚು. ಕರೆಂಟು ಬಂದರೆ ಉಳಿದ ಹೆಂಗಸರು ಗಿರಣಿಗೆ ಓಡುತ್ತಿದ್ದರು, ಕಾಕು ಟೀವಿಗೆ ಓಡುತ್ತಿದ್ದಳು. ಪಾಳಿಯ ಪ್ರಕಾರ ಒಂದನ್ನು ಹಚ್ಚಿ, ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತ ಕೂಡುತ್ತಿದ್ದಳು. ಗೋಡೆಯ ಮೇಲೆ ನೀಲಿ ಬೆಳಕು ಕುಣಿಯುತ್ತಿತ್ತು. ಒಳಗೆ ಯಾರೋ ಹಾಡುತ್ತಿದ್ದರು, ಯಾರೋ ಅಳುತ್ತಿದ್ದರು, ಯಾರೋ ಕ್ರಿಕೆಟ್ಟಿನಲ್ಲಿ ಔಟಾಗುತ್ತಿದ್ದರು. ಖೋಲಿಯ ತುಂಬ ಕಾದ ಧೂಳಿನ ಆ ವಾಸನೆ. ನಡುನಡುವೆ ಕಾಕು ಎದ್ದು ಟೀವಿಯ ಬೆನ್ನ ಮೇಲೆ ಕೈಯಿಟ್ಟು ನೋಡುತ್ತಿದ್ದಳು, ಮಕ್ಕಳಿಗೆ ಜ್ವರ ನೋಡುವ ಹಾಗೆ. ಬೆಚ್ಚಗಾಗಿದ್ದರೆ ಬಂದ್ ಮಾಡಿ ಕೌದಿ ಹೊದಿಸುತ್ತಿದ್ದಳು. ಕಿಟಕಿಗೆ ಜೋತುಬಿದ್ದ ಓಣಿಯ ಮಕ್ಕಳಿಗೆ ಅವಳ ಒಂದೇ ಮಾತು: "ಇವ ನೋಡೋ ಟೀವಿ ಅಲ್ಲ, ಇಡೋ ಟೀವಿ ಅವ. ನಡೀರಿ ಅತ್ತಾಗ!"

ಇನ್ನು ನನ್ನ ಕಥೆ. ಮಿರಗ ಮತ್ತೆ ಕೈಕೊಟ್ಟ ವರ್ಷ ನನ್ನ ಅಪ್ಪ ಅವ್ವನೂ ಪುಣೆಗೆ ಹೊರಟರು. ನನ್ನ ಶಾಲೆ ತಪ್ಪಬಾರದೆಂದು ಅಪ್ಪನ ಹಟ. ಅವ್ವ ನಮ್ಮ ಟೀವಿಯನ್ನು ಚಾದರದಲ್ಲಿ ಕಟ್ಟಿ ಅಪ್ಪನ ತಲೆಯ ಮೇಲೆ ಹೊರಿಸಿದಳು, ನನ್ನ ಕೈ ಹಿಡಿದುಕೊಂಡಳು, ಕಾಕುವಿನ ಅಂಗಳದಲ್ಲಿ ಎರಡನ್ನೂ ಇಳಿಸಿದಳು.

"ಶಾಂತಾ, ಟೀವಿ ಮತ್ತ ಪೋರಿ, ಎರಡೂ ನಿನ್ನ ಹತ್ರ ಬಿಟ್ಟ ಹೋಗ್ಲತ್ತೀನಿ."

"ಫಿಕರ್ ಮಾಡಬ್ಯಾಡ ಅಕ್ಕಾ. ಎರಡೂ ಅಮಾನತ ಅಂತ ತಿಳ್ಕೋತೀನಿ," ಎಂದಳು ಕಾಕು.

ಬಾಯಿಮಾತಿಗೆ ಹೇಳಿದ್ದಲ್ಲ ಅದು. ಮರುದಿನವೇ ಕಾಕಾ ನನ್ನನ್ನು ಹಿಟ್ಟಿನ ಗಿರಣಿಗೆ ಕರೆದೊಯ್ದು ಜೋಳದ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದ. ವಾಪಸು ಕೊಡುವಾಗ ಕಡಿಮೆ ಬೀಳಬಾರದಲ್ಲ! ಅಂದಿನಿಂದ ನನ್ನ ತಟ್ಟೆಯ ರೊಟ್ಟಿಗೆ ಮಾತ್ರ ತುಪ್ಪ, ನನ್ನ ತಲೆಗೆ ಮಾತ್ರ ಎರಡು ಹೊತ್ತು ಎಣ್ಣೆ. ಬಿಸಿಲಿಗೆ ಹೋಗುವಂತಿಲ್ಲ, ಗಿಡ ಹತ್ತುವಂತಿಲ್ಲ. ಕಾಕುವಿನ ಮಗಳು ಸಂಗೀತಾ ನನ್ನ ವಾರಗೆಯವಳು. ಅವಳ ಕೆಲಸ ನನ್ನ ಹಿಂದೆ ತಿರುಗಿ ನನಗೆ ಗೀರು ಬೀಳದ ಹಾಗೆ ನೋಡಿಕೊಳ್ಳುವುದು.

ಟೀವಿಯ ವಿಷಯದಲ್ಲಿ ಕಾಕು ಒಂದು ದಿನವಿಡೀ ಯೋಚಿಸಿದಳು. ಕಡೆಗೆ ತೀರ್ಪು ಕೊಟ್ಟಳು. "ಇದು ನಿಮ್ಮ ಟೀವಿ ಅದ. ಮಾಲಕರ ಮಗಳಿದ್ದಿ, ನೀ ನೋಡವ್ವಾ. ನಾವು ನೋಡಂಗಿಲ್ಲ."

ಹಾಗೆ ನಮ್ಮ ಟೀವಿಯೊಂದರ ಮುಖ ಮಾತ್ರ ಈಚೆಗೆ ತಿರುಗಿತು. ಅದರ ಎದುರು ಚಾಪೆ ಹಾಸಿ ನನ್ನನ್ನು ಕೂರಿಸಿದರು. ಕಾಕಾ, ಕಾಕು, ಸಂಗೀತಾ ಮೂವರೂ ಅದೇ ಖೋಲಿಯಲ್ಲಿ ಟೀವಿಗೆ ಬೆನ್ನು ಹಾಕಿ, ನನಗೆ ಮುಖ ಮಾಡಿ ಕೂತರು. ನಾನು ಟೀವಿ ನೋಡುತ್ತಿದ್ದೆ, ಅವರು ನನ್ನನ್ನು ನೋಡುತ್ತಿದ್ದರು. ನಾನು ನಕ್ಕರೆ ಅವರೂ ನಗಲು ತಯಾರಾಗುತ್ತಿದ್ದರು.

"ಈಗ ಏನಾಯ್ತು?" ಸಂಗೀತಾಳ ಪ್ರಶ್ನೆ.

"ಆಕಿ ಅಳ್ಲತ್ತಾಳ."

"ಯಾಕ?"

"ಯಾರಿಗಿ ಗೊತ್ತು. ಹಿಂದಿ ಭಾಷಾದಾಗ ಮಾತಾಡ್ಲತ್ತಾಳ."

ಆಗ ಉರ್ದು ಬಲ್ಲ ಕಾಕಾ, ಬೆನ್ನು ತಿರುಗಿಸಿದಂತೆಯೇ, ಗಂಟಲು ಸರಿಮಾಡಿಕೊಂಡು ಅರ್ಥ ಹೇಳುತ್ತಿದ್ದ: "ಗಂಡ ಹೊಳ್ಳಿ ಬರಂಗಿಲ್ಲಂತ." ನೋಡುವುದು ನಾನು, ತಿಳಿಯುವುದು ಕಾಕಾನಿಗೆ, ಅಳುವುದು ಸಂಗೀತಾ. ಒಂದು ಟೀವಿಯನ್ನು ಅಷ್ಟು ಹಂಚಿಕೊಂಡು ನೋಡಿದ ಇನ್ನೊಂದು ಮನೆಯನ್ನು ನಾನು ಕಂಡಿಲ್ಲ.

ಸಂಗೀತಾ ಬಲು ಕಿಲಾಡಿ. ಒಂದು ದಿನ ಸ್ಟೀಲಿನ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿ, ಅದರಲ್ಲಿ ಚುರಮುರಿ ಹಾಕಿಕೊಂಡು ಕೂತಳು. ತಿನ್ನುವುದು ಕಡಿಮೆ, ತಟ್ಟೆ ಎತ್ತಿ ಎತ್ತಿ ನೋಡುವುದು ಹೆಚ್ಚು. ಚುರಮುರಿ ಮುಗಿದರೂ ತಟ್ಟೆ ಕೆಳಗಿಳಿಯದಿದ್ದಾಗ ಕಾಕುವಿಗೆ ಸಂಶಯ ಬಂತು. ತಟ್ಟೆಯೊಳಗೆ ಇಡೀ ಟೀವಿ ಕುಣಿಯುತ್ತಿತ್ತು! "ಏ ಹುಚ್ಚ ಮೂಳಿ!" ಎಂದವಳೇ ಕಾಕು ಸಂಗೀತಾಳ ತೊಡೆಯನ್ನು ಎರಡು ಬೆರಳಲ್ಲಿ ಹಿಡಿದು ಬೀಗ ತಿರುಗಿಸಿದ ಹಾಗೆ ತಿರುವಿದಳು. ಕಾಕುವಿನ ಚಿವುಟು ಆ ಓಣಿಗೇ ಪ್ರಸಿದ್ಧ. ಸಂಗೀತಾ ಖೋಲಿಯ ತುಂಬ ಕುಣಿದಳು.

ನನಗೆ ನಗು ಬಂತು. ಆಮೇಲೆ, ಯಾಕೋ, ಹೊಟ್ಟೆಕಿಚ್ಚಾಯಿತು.

ನಂಬಿ, ಖರೆ ಹೊಟ್ಟೆಕಿಚ್ಚು. ಚಿವುಟಿದ ಮೇಲೆ ಕಾಕು ಅವಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡು, ಬೈಯುತ್ತಲೇ ಆ ಕೆಂಪು ಕಲೆಗೆ ಎಣ್ಣೆ ಹಚ್ಚಿದಳು. ನಾನು ಚಾಪೆಯ ಮೇಲೆ ಒಬ್ಬಳೇ, ಎದುರಿಗೆ ನಮ್ಮ ಟೀವಿ. ಅವಳು ಮೂಳಿ, ನಾನು ಅವ್ವಾ. ಅವಳಿಗೆ ಬೈಗುಳ, ನನಗೆ ತುಪ್ಪ. ಬೈಸಿಕೊಂಡು ಚಿವುಟಿಸಿಕೊಂಡವರು ಮನೆಯವರು, ನಾನು ಯಾರೋ ಇಟ್ಟುಹೋದವಳು. ಅಂದೇ ನಿರ್ಧಾರ ಮಾಡಿದೆ: ಏನಾದರೂ ಮಾಡಿ ಕಾಕುವಿನ ಕೈಯಲ್ಲಿ ಒಮ್ಮೆ ಚಿವುಟಿಸಿಕೊಳ್ಳಬೇಕು.

ಎಷ್ಟು ಪಾಡುಪಟ್ಟೆ ಎನ್ನುತ್ತೀರಿ! ಉರಿಬಿಸಿಲಲ್ಲಿ ಬೇಕೆಂದೇ ಬಯಲಲ್ಲಿ ನಿಂತೆ. ಕಾಕು ನನಗೆ ಮಜ್ಜಿಗೆ ಕುಡಿಸಿದಳು, ನನ್ನನ್ನು ಬಿಸಿಲಿಗೆ ಬಿಟ್ಟದ್ದಕ್ಕೆ ಸಂಗೀತಾಳನ್ನು ಚಿವುಟಿದಳು. ಬೀಸುವ ಕಲ್ಲಿನ ಮೇಲೆ ಹತ್ತಿ ಕುಣಿದೆ. ಚಿವುಟು ಮತ್ತೆ ಸಂಗೀತಾಳಿಗೇ. ಕಡೆಗೆ ಆ ಮನೆಯಲ್ಲಿ ಮಾಡಬಹುದಾದ ಅತಿ ದೊಡ್ಡ ಅಪರಾಧ ಮಾಡಿದೆ. ಊರು ಬಿಟ್ಟು ಹೋಗಿದ್ದ ಕುರಿಯವರ ಮನೆಯ ಟೀವಿಯನ್ನು ಗೋಡೆಯಿಂದ ಈಚೆಗೆ ತಿರುಗಿಸಿ, ಹಚ್ಚಿ, ಎದುರಿಗೆ ಕೂತೆ. ಒಳಗೆ ಬಂದ ಕಾಕು ಕೈಲಿದ್ದ ಮೊರ ಕೆಳಗಿಟ್ಟಳು. ಬಂತು ನನ್ನ ಗಳಿಗೆ ಎಂದು ತೊಡೆ ಗಟ್ಟಿಮಾಡಿಕೊಂಡೆ. ಅವಳು ಟೀವಿ ಆರಿಸಿ, ಅದನ್ನು ಗೋಡೆಗೆ ತಿರುಗಿಸಿ, ನೇರ ಹೊರಗೆ ಹೋದಳು. ಅಂಗಳದಿಂದ ಸಂಗೀತಾಳ ಕೂಗು ಕೇಳಿತು: "ನಾ ಏನ ಮಾಡ್ದೆನವ್ವಾ!"

ಆಮೇಲೆ ಒಂದು ಸಂಜೆ ಕೊಡ ಒಡೆದೆ. ಇದು ಬೇಕೆಂದು ಮಾಡಿದ್ದಲ್ಲ, ಕೈ ಜಾರಿತು. ಟ್ಯಾಂಕರಿಗೆ ಪಾಳಿ ಹಚ್ಚಿ, ಜಗಳಾಡಿ ಹಿಡಿದು ತಂದ ನೀರು ಅಂಗಳದ ತುಂಬ ಹರಿದು ಕಣ್ಣೆದುರಿಗೇ ಇಂಗಿತು. ಆ ವರ್ಷಗಳಲ್ಲಿ ನೀರು ಚೆಲ್ಲಿದವರನ್ನು ಹೆತ್ತ ತಾಯಿಯೂ ಕ್ಷಮಿಸುತ್ತಿರಲಿಲ್ಲ. ಕಾಕು ಓಡಿ ಬಂದಳು. ಬಲಗೈ ಅರ್ಧ ಮೇಲೆದ್ದು ನಿಂತಿತ್ತು. ನಾನು ಕಣ್ಣು ಮುಚ್ಚಿದೆ.

"ಕಾಲಿಗಿ ಹತ್ತಿಲ್ಲಲ್ಲವ್ವಾ?" ಎಂದಳು. "ಹೋಗ್ಲಿ ಬಿಡು."

ನಾನು ಗೊಳೋ ಎಂದು ಅತ್ತುಬಿಟ್ಟೆ. ಅವ್ವನ ನೆನಪಾಗಿರಬೇಕೆಂದು ಕಾಕು ಸಮಾಧಾನ ಮಾಡಿದಳು, ಬೆಲ್ಲ ಕೊಟ್ಟಳು. ನನಗೆ ಬೇಕಾದದ್ದು ಬೆಲ್ಲವಲ್ಲ ಎಂದು ಹೇಳಲು ನನಗೆ ಬರಲಿಲ್ಲ.

ಒಂದು ಒಳ್ಳೆಯ ಮಿರಗ ಬಂದ ವರ್ಷ ಊರು ತುಂಬಿತು. ಟೀವಿಗಳು ಮತ್ತೆ ಸೀರೆ ಸುತ್ತಿಕೊಂಡು ತಮ್ಮ ತಮ್ಮ ಮನೆಗೆ ಹೋದವು. ಅಪ್ಪ ಅವ್ವ ಬಂದ ದಿನ ಕಾಕು ನನ್ನನ್ನೂ ನಮ್ಮ ಟೀವಿಯನ್ನೂ ಒರೆಸಿ, ಅಂಗಳದಲ್ಲಿ ಒಂದರ ಪಕ್ಕ ಒಂದು ನಿಲ್ಲಿಸಿದಳು. ಮೊದಲು ಟೀವಿ ಹಚ್ಚಿ ತೋರಿಸಿದಳು. ಆಮೇಲೆ ನನ್ನನ್ನು ಗಿರಣಿಯ ಕಾಟಾಕ್ಕೆ ಹಚ್ಚಿದರು. ತೂಕ ಹೆಚ್ಚೇ ಬಂತು, ಕಾಕಾ ಮೀಸೆ ತಿರುವಿದ. ಗಿರಣಿಯಿಂದ ಕಾಕುವಿನ ಮನೆಗೆ ಹಿಂದಿರುಗಿದ ಮೇಲೆ ನಾನು ಯಾವುದೋ ಮಾತಿಗೆ ಎದುರು ಮಾತಾಡಿದೆ, ಅವ್ವ ಪಟ್ಟೆಂದು ಬೆನ್ನಿಗೆ ಕೊಟ್ಟಳು. ಕಾಕು ತನಗೇ ಏಟು ಬಿದ್ದಂತೆ ಬೆಚ್ಚಿದಳು. "ಅಕ್ಕಾ, ನಿನ್ನ ಮಾಲ ನಿನಗ ಕೊಟ್ಟೀನಿ, ಖರೆ. ಆದ್ರ ನನ್ನ ಹೊಸ್ತಿಲದಾಗ ಹೊಡಿಬ್ಯಾಡ," ಎಂದಳು.

ಅಮಾನತ ಹಿಂದಿರುಗಿತು, ಕಾಕುವಿನ ರೂಢಿ ಮಾತ್ರ ಹಿಂದಿರುಗಲಿಲ್ಲ. ನಾನು ಓದಿ ಮೇಡಂ ಆದೆ, ಬೀದರ ಸೇರಿದೆ, ನನ್ನ ತಲೆಯೂ ಬೆಳ್ಳಗಾಯಿತು. ಹಬ್ಬಕ್ಕೆ ಹೋದಾಗಲೆಲ್ಲ ನನಗೆ ಅದೇ ತುಪ್ಪ, ಅದೇ "ಅವ್ವಾ". ಮದುವೆಯಾಗಿ ಔರಾದ ಸೇರಿದ ಸಂಗೀತಾ ಮಾತ್ರ ಇಂದಿಗೂ "ಮೂಳಿ". ಕಾಕು ಸ್ವಂತಕ್ಕೆ ಟೀವಿ ಕೊಳ್ಳಲೇ ಇಲ್ಲ. ಊರಿನ ಟೀವಿ ಕಾದು ಸಾಕಾಗಿದೆ ಎನ್ನುತ್ತಾಳೆ. ಔರಾದದಲ್ಲಿ ಸಂಗೀತಾ ಗೋಡೆಗೆ ದೊಡ್ಡ ಟೀವಿ ಹಾಕಿಸಿದ್ದಾಳೆ. ಅಲ್ಲಿಯೂ ಕಾಕು ಬೆನ್ನು ಹಾಕಿಯೇ ಕೂಡುತ್ತಾಳೆ. ಕೇಳಿದರೆ, "ಅಳಿಯಾ ತಂದದ್ದು, ಅಳಿಯಾಂದು." ನಮ್ಮ ಮನೆಯಲ್ಲಿ, "ನಿನ್ನ ಗಂಡಂದು."

ಈಗ ಮೈಲೂರಕ್ಕೆ ಬನ್ನಿ. ಕಾಕು ಬೀದರಿಗೆ ಬಂದಿರುವುದು ಹಲ್ಲು ಕಟ್ಟಿಸಲು. ಅಳತೆ ಕೊಡುವುದು, ಹಾಕಿ ನೋಡುವುದು, ತಿಕ್ಕಿ ಸರಿಮಾಡುವುದು ಎಂದು ಡಾಕ್ಟರು ಮತ್ತೆ ಮತ್ತೆ ಕರೆಸುತ್ತಿದ್ದರು. ಬಿಟ್ಟುಹೋಗಲು ಬಂದ ಸಂಗೀತಾ ಟಮಟಮ ಹತ್ತುವಾಗ ನಗುತ್ತ, "ಅವ್ವ ನಿನ್ನ ಹತ್ರ ಅಮಾನತ ಅದಾಳ ನೋಡು, ಜ್ವಾಕಿ," ಎಂದಳು. ಅವಳು ನಗುತ್ತ ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದೆ. ಕಾಕು ಕಸಬರಿಗೆ ಮುಟ್ಟಿದರೆ ಕಸಿದುಕೊಂಡೆ, ನೀರಿನ ಚೊಂಬು ಎತ್ತಿದರೆ ಓಡಿ ಹೋಗಿ ಹಿಡಿದೆ. ರೊಟ್ಟಿ ಹಾಲಲ್ಲಿ ನೆನೆಸಿ ಕೊಟ್ಟೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಎಂದಳು, "ಹೂಂ ಕಾಕು" ಎಂದೆ. ಅದೇ ಪಲ್ಯವನ್ನು ಇನ್ನೊಂದು ತುತ್ತಿಗೆ ಸಪ್ಪೆ ಎಂದಳು, ಅದಕ್ಕೂ "ಹೂಂ ಕಾಕು" ಎಂದೆ. ಕಾಕು ದಿನದಿನಕ್ಕೆ ಮಂಕಾಗುತ್ತಿದ್ದಳು. ಹೊಸ ಹಲ್ಲು ಒತ್ತುತ್ತಿರಬೇಕೆಂದು ನಾನು ತಿಳಿದೆ.

ಟೀವಿ ಸತ್ತ ಮೇಲಿನ ಭಾನುವಾರ ಮೂವರೂ ಅಂಗಡಿಗೆ ಹೊರಟೆವು. ನಮ್ಮ ಮನೆಯವರು ಅಳತೆಯ ಟೇಪು ಕಿಸೆಯಲ್ಲಿಟ್ಟುಕೊಂಡಿದ್ದರು. ಮೊಬೈಲಿನಲ್ಲಿ ನೋಡಿ ನೋಡಿ ಪಿಕ್ಸೆಲ್ಲು, ಪ್ಯಾನೆಲ್ಲು ಎಂದು ಏನೇನೋ ಬಾಯಿಪಾಠ ಮಾಡಿದ್ದರು. ಅಂಗಡಿಯ ಒಳಗೆ ಗೋಡೆಯ ತುಂಬ ಟೀವಿಗಳು, ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಸಲಕ್ಕೆ ರೆಕ್ಕೆ ಬಿಚ್ಚುತ್ತಿತ್ತು. ಕಾಕು ಒಳಗೆ ಕಾಲಿಟ್ಟವಳೇ ಗರ್ರನೆ ತಿರುಗಿ ರಸ್ತೆಗೆ ಮುಖ ಮಾಡಿ ನಿಂತಳು.

ಅಂಗಡಿಯಾತ ಗಾಬರಿಯಾದ. "ಅಮ್ಮಾ, ಟೀವಿ ಇತ್ತಾಗ ಅವರಿ."

"ಗೊತ್ತದಪ್ಪಾ. ಇನ್ನಾ ನಮ್ಮವಾಗಿಲ್ಲಲ್ಲ," ಎಂದಳು ಕಾಕು. "ಯಾವೂರ ನಿಂದು?"

"ಕಮಠಾಣರಿ."

ಕಮಠಾಣದಲ್ಲಿ ಕಾಕುವಿಗೆ ಬಳಗವಿದೆ. ಆತನ ಅಜ್ಜಿಯ ತನಕ ವಿಚಾರಿಸಿ, ಆತ ನಂಬಿಕಸ್ಥನೆಂದು ಖಾತ್ರಿ ಮಾಡಿಕೊಂಡ ಮೇಲೆ, "ಒಂದ ಟೀವಿದು ಬೆನ್ನ ತೋರ್ಸಪ್ಪಾ," ಎಂದಳು. ಇಂಥ ಗಿರಾಕಿಯನ್ನು ಆತ ನೋಡಿರಲಿಲ್ಲ. ಆದರೂ ಒಂದನ್ನು ಕೆಳಗಿಳಿಸಿ ತಿರುಗಿಸಿ ಹಿಡಿದ. ಕಾಕು ಅದರ ಬೆನ್ನ ಮೇಲೆ ಕೈಯಾಡಿಸಿದಳು, ಅಂಚಿನಿಂದ ಇಣುಕಿದಳು, ನನ್ನ ಕಡೆ ನೋಡಿದಳು.

"ಇದಕ್ಕ ಹೊಟ್ಟಿನೇ ಇಲ್ಲಲ್ಲ! ಬರಗಾಲದಾಗ ಹುಟ್ಟಿದಂಗ ಅದ."

"ಹೂಂ ಕಾಕು," ಎಂದೆ.

ನಮ್ಮ ಮನೆಯವರು ಹದವಾದದ್ದೊಂದನ್ನು ತೋರಿಸಿ, ನಮ್ಮ ಗೋಡೆಗೆ ಇದು ಬರೋಬರಿ ಎಂದರು. ನಾನು ಎಲ್ಲದಕ್ಕೂ ಕಾಕುವನ್ನೇ ಕೇಳುತ್ತಿದ್ದೆ. "ನಿಮಗ ಯಾವದು ಮನಸಿಗಿ ಬರ್ತದ ಹೇಳ್ರಿ ಕಾಕು. ನೀವು ಅಂದದ್ದೇ ತರೋಣು." ಕಾಕು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ತಿರುಗದೆಯೇ ಬೆನ್ನ ಹಿಂದಕ್ಕೆ ಕೈ ಮಾಡಿ, ಅಂಗಡಿಯ ನಡುಗೋಡೆಯನ್ನೆಲ್ಲ ಆಕ್ರಮಿಸಿದ್ದ, ಬಾಗಿಲನ್ನು ಅಡ್ಡ ಮಲಗಿಸಿದಷ್ಟು ದೊಡ್ಡ ಟೀವಿಯನ್ನು ತೋರಿಸಿದಳು.

"ಅದು ತಗೋ."

ನಮ್ಮ ಮನೆಯವರ ಕೈಯಲ್ಲಿದ್ದ ಟೇಪು ಸುರ್ರೆಂದು ಸುತ್ತಿಕೊಂಡಿತು. ಆ ಟೀವಿ ಹಾಕಿದರೆ ನಮ್ಮ ಖೋಲಿಯ ಕಿಟಕಿ ಮುಚ್ಚುತ್ತದೆ, ಅರ್ಧ ಬಾಗಿಲೂ ಮುಚ್ಚುತ್ತದೆ. ನನಗದು ಗೊತ್ತಿತ್ತು. ಆದರೂ ಬಾಯಿ ತನ್ನಷ್ಟಕ್ಕೆ "ಹೂಂ ಕಾಕು" ಎಂದಿತು.

ಕಾಕು ಬಾಯಿಗೆ ಕೈ ಹಾಕಿದಳು. ಮೇಲಿನ ಹಲ್ಲು ತೆಗೆದಳು, ಕೆಳಗಿನದು ತೆಗೆದಳು. ಎರಡನ್ನೂ ಕರ್ಚೀಫಿನಲ್ಲಿ ಕಟ್ಟಿ, ಕಮಠಾಣದವನ ಕೈಗೆ ಕೊಟ್ಟಳು. ಹೊಸ ಹಲ್ಲಿನಲ್ಲಿ ಅವಳಿಗೆ ಬೈಯಲು ಬರುತ್ತಿರಲಿಲ್ಲ.

"ಏ ಹುಚ್ಚ ಮೂಳಿ! ಅಕಲ್ ಏನ ಸಾಲ್ಯಾಗ ಮಕ್ಕಳಿಗಿ ಹಂಚಿ ಬಂದೀಯೇನ? ನಿನ್ನ ಗ್ವಾಡಿ ಎಷ್ಟದ, ಈ ಟೀವಿ ಎಷ್ಟದ? ಕಿಡಕಿ ಮುಚ್ಚಿ ಕತ್ತಲದಾಗ ಕೂಡ್ತೀರೇನ? ಉಪ್ಪ ಭಾಳ ಅಂದ್ರ ಹೂಂ, ಕಡಿಮಿ ಅಂದ್ರ ಹೂಂ! ಬಾಯಾಗ ಬ್ಯಾರೆ ಮಾತೇ ಇಲ್ಲ? ಕಸಬರಗಿ ಮುಟ್ಟಿದ್ರ ಕಸ್ಕೋತಿ, ಚರಗಿ ಎತ್ತಿದ್ರ ಓಡಿ ಬರ್ತಿ. ನಾ ಏನ ನಿನ್ನ ಮನ್ಯಾಗ ಇಡ್ಲಾಕ ಬಂದ ಟೀವಿ ಏನ? ಗ್ವಾಡಿಗಿ ಮುಖಾ ಮಾಡಿ ಕೌದಿ ಹೊಚ್ಚೋದೊಂದು ಬಾಕಿ ಇಟ್ಟೀ ನೋಡು!"

ಅಂಗಡಿಯಲ್ಲಿದ್ದವರೆಲ್ಲ ಗಿಳಿಯನ್ನು ಬಿಟ್ಟು ನಮ್ಮತ್ತ ತಿರುಗಿದರು. ನನ್ನ ಶಾಲೆಯ ಮಗುವೊಂದರ ತಾಯಿಯೂ ಅಲ್ಲಿದ್ದರು. ನಾಚಿಕೆಯಾಗಬೇಕಿತ್ತು. ನನಗೆ ಎಂಥ ಸಂತೋಷವಾಯಿತೆಂದರೆ, ಕಣ್ಣು ತುಂಬಿ ಎದುರಿಗಿದ್ದ ಗಿಳಿಗಳೆಲ್ಲ ಕಲಸಿಹೋದವು. ಮೂಳಿ! ಕಾಕು ನನ್ನನ್ನು ಮೂಳಿ ಎಂದಳು! ತಾನೇನು ಇಡಲು ಬಂದ ಟೀವಿಯೇ ಎಂದು ಅವಳು ಕೇಳಿದ್ದನ್ನೇ ನಾನು ಮೆಹಕರದಲ್ಲಿ ಅವಳಿಗೆ ಕೇಳಬೇಕಾಗಿತ್ತು. ಆಗ ನನಗೆ ಬಾಯಿ ಬರಲಿಲ್ಲ, ಈಗ ಅವಳಿಗೆ ಬಂತು.

"ಮದ್ಲ ಹಲ್ಲ ಹಾಕ್ಕೋ ಕಾಕು!" ನಾನೂ ಕೂಗಿದೆ. ಅವಳ ಮೇಲೆ ದನಿ ಎತ್ತಿದ್ದು ಜನ್ಮದಲ್ಲಿ ಅದೇ ಮೊದಲು. "ಮಂದಿ ನೋಡ್ಲತ್ತಾರ!"

"ನೋಡ್ಲಿ! ನೋಡ್ಲಾಕೇ ಬಂದಾರ!"

ಕಮಠಾಣದವನು ಕರ್ಚೀಫನ್ನು ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದ. ಅವನಿಂದ ಹಲ್ಲಿನ ಗಂಟು ಇಸಿದುಕೊಂಡು, ಹದವಾದ ಟೀವಿಯನ್ನೇ ಕೊಂಡೆವು. ಆಟೋದಲ್ಲಿ ಡಬ್ಬಿಯನ್ನು ಅಡ್ಡ ಇಟ್ಟುಕೊಂಡು ಬರುವಾಗ ಕಾಕು ಅದರ ಮೇಲೆ ಕೈಯಾಡಿಸಿದಳು. ಆಮೇಲೆ, ಹಲ್ಲಿಲ್ಲದ ಬಾಯಲ್ಲಿ ಮೆತ್ತಗೆ ಅಂದಳು:

"ಆವಾಗ ನೀ ಕೊಡ ಒಡದಿದ್ದಿ ನೋಡು. ಕೈ ಎಷ್ಟ ತುರಸ್ತಿತ್ತು ಅಂತಿ! ಮಂದಿ ಮಗಳು ಅಂತ ಬಿಟ್ಟೆ."

"ಬಿಡಬಾರದಿತ್ತು," ಎಂದೆ.

ಸಂಜೆ ಬಂದು ಟೀವಿಯನ್ನು ಗೋಡೆಗೆ ಹಾಕಿಕೊಟ್ಟರು. ಹಳೆಯದರ ಮೇಲಿರುತ್ತಿದ್ದ ಬುದ್ಧನ ಮೂರ್ತಿಯನ್ನು ಇದರ ತಲೆಯ ಮೇಲೆ ಇಡಲು ಜಾಗವಿಲ್ಲವೆಂದು ಸ್ವಲ್ಪ ಹೊತ್ತು ಚರ್ಚೆ ನಡೆದು, ಮೂರ್ತಿ ಕಪಾಟಿನ ಮೇಲೆ ಹೋಯಿತು. ಹೊಸ ಟೀವಿಗೆ ವಾಸನೆಯೇ ಇಲ್ಲ, ಡಬ್ಬಿಯ ಥರ್ಮಾಕೋಲಿನದಷ್ಟೇ. ಕಾಕು ತನ್ನ ಮೂಲೆಗೆ ಹೋಗಿ ರೂಢಿಯಂತೆ ಗೋಡೆಗೆ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ ಅವಳೇ ಕತ್ತು ಹೊರಳಿಸಿದಳು.

"ಇಷ್ಟ ಬೈದು ತಂದೀನಂದ್ರ, ಇದು ನಂದೂ ಆಯ್ತಲ್ಲ?" ಎಂದಳು.

ಚಾಪೆಯ ಸಮೇತ ತಿರುಗಿ ಟೀವಿಗೆ ಎದುರಾದಳು. ಹಲ್ಲು ಹಾಕಿಕೊಂಡಳು, ಸೆರಗು ಸರಿಮಾಡಿಕೊಂಡಳು. ಟೀವಿಯೊಳಗೆ ಯಾರದೋ ಮನೆಯ ಅತ್ತೆ ಸೊಸೆಯರು ಜಗಳಾಡುತ್ತಿದ್ದರು. ಕಾಕುವಿನ ಬಾಯಿ ನಿಧಾನ ತೆರೆದುಕೊಂಡಿತು. ಹಿಂದಿನಿಂದ ಎಷ್ಟೋ ವರ್ಷ ಕೇಳಿದ್ದಕ್ಕೆಲ್ಲ ಈಗ ಮುಖ ಬಂದಿತ್ತು. ಅವಳ ಆ ಮುಖವನ್ನು ನೋಡುತ್ತ ನಾನು ಎಲ್ಲಿ ನಿಂತಿದ್ದೇನೆಂಬುದನ್ನೇ ಮರೆತೆ.

"ಏ ಮೂಳಿ, ಅಡ್ಡ ನಿಂತೀಯಲ್ಲ, ಸರಿ ಅತ್ತಾಗ!" ಈಗ ಹೊಸ ಹಲ್ಲಿನಲ್ಲೂ ಬೈಗುಳ ಬಂತು, ಅದರ ಹಿಂದೆಯೇ ಅವಳ ಕೈಯೂ ಬಂತು. ನನ್ನ ಮೀನಖಂಡವನ್ನು ಎರಡು ಬೆರಳಲ್ಲಿ ಹಿಡಿದು, ಬೀಗ ತಿರುಗಿಸಿದ ಹಾಗೆ ತಿರುವಿದಳು.

ಕುಂಟುತ್ತ ಅಡುಗೆಮನೆಗೆ ಹೋಗಿ ಔರಾದಕ್ಕೆ ಫೋನು ಹಚ್ಚಿದೆ. "ಸಂಗೀತಾ, ನಿಮ್ಮವ್ವ ನನಗ ಚೂಟಿದ್ಳು!"

ಆ ಕಡೆಯಿಂದ ಸಂಗೀತಾ ಕೇಳಿದಳು, "ನಿನ್ನ ಪಾಲಿಂದೆಲ್ಲ ನಾ ತಿಂದೀನಿ. ಈಗ ಗೊತ್ತಾಯ್ತೇನು, ಎಷ್ಟ ಉರೀತದ ಅಂತ?"

ಬಹಳ ಉರಿಯುತ್ತದೆ. ಇದನ್ನು ಬರೆಯುವಾಗಲೂ ಕಲೆ ಕೆಂಪಗಿದೆ. ನಮ್ಮ ಮನೆಯವರು ಎಣ್ಣೆಯ ಬಾಟಲಿ ಹಿಡಿದು ಬಂದರು, ನಾನು ಬೇಡವೆಂದೆ. ಟೀವಿಯ ಜಾಹೀರಾತು ಬರಲಿ, ಕಾಕು ತಾನೇ ಎದ್ದು ಬಂದು ಹಚ್ಚುತ್ತಾಳೆ.